ಗಿಟಾರಿಗೆ ಸಿಕ್ಕ ರವಿಕೆ ಕಣ

ನನ್ನ ಗಂಡ ಸ್ಯಾಕ್ಸೊಫೋನ್ ನುಡಿಸುತ್ತಾರೆ. ಗಿಟಾರು ನನ್ನದು. ಸಾಗರದ ನಮ್ಮ ಮಹಡಿ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಬಡಿದು, ಇಬ್ಬರೇ ಕೂತು ಒಂದು ಜಾಝ್ ಆಲ್ಬಂ ಮಾಡಿದೆವು. ಅದರಲ್ಲಿ ನಾಲ್ಕು ಟ್ಯೂನು ನಾನು ಕಟ್ಟಿದ್ದು. ಜಂಬಕ್ಕೆ ಹೇಳುತ್ತಿಲ್ಲ, ಬೇರೆ ಯಾರೂ ಹೇಳಲಿಲ್ಲವಲ್ಲ, ಅದಕ್ಕೆ.

ಬಿಡುಗಡೆಯನ್ನು ತೀರ್ಥಹಳ್ಳಿಯಲ್ಲಿ ಇಟ್ಟುಕೊಂಡವರು ಗಂಡನ ಗೆಳೆಯರು. ಹೊಸನಗರದ ಮೇಲೆ ಹೋಗುವಾಗ ದಾರಿಯುದ್ದಕ್ಕೂ ಗಿಟಾರು ನನ್ನ ತೊಡೆಯ ಮೇಲಿತ್ತು. ಜನರೆದುರು ಒಂದು ಸಲ ‘ಗಿಟಾರು ಇವಳದು’ ಎಂದು ಗಂಡನ ಬಾಯಲ್ಲಿ ಕೇಳಬೇಕೆಂಬ ಆಸೆ, ಅಷ್ಟೇ.

ಆಲ್ಬಂ ಇರುವುದು ಫೋನಿನಲ್ಲಿ, ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಆದರೆ ರಿಬ್ಬನ್ ಬಿಚ್ಚದೆ ನಮ್ಮವರಿಗೆ ಬಿಡುಗಡೆ ಆದಂತೆ ಅನ್ನಿಸುತ್ತದೆಯೇ? ಪೆನ್‌ಡ್ರೈವಿಗೆ ಬಣ್ಣದ ಕಾಗದ ಸುತ್ತಿ ತಟ್ಟೆಯಲ್ಲಿಟ್ಟರು. ಐದು ಜನ ಗಣ್ಯರು ಅದಕ್ಕೆ ಹತ್ತು ಕೈ ಹಾಕಿ ಫೋಟೊಗೆ ಹಲ್ಲು ಕಿರಿದರು. ಆಮೇಲೆ ಭಾಷಣ. ಒಬ್ಬರು ಜಾಝ್ ಎಂದರೇನು ಎಂದು ಮುಕ್ಕಾಲು ಗಂಟೆ ಕೊರೆದು, ಆಲ್ಬಂ ಕೇಳಲು ಪುರುಸೊತ್ತಾಗಲಿಲ್ಲ ಎಂದು ಕೂತರು.

ಗಂಡನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಗಿಟಾರು ಹಿಡಿದು ಸ್ಟೇಜಿನ ಮೆಟ್ಟಿಲ ಹತ್ತಿರ ಹೋದೆ.

“ಸಾರ್‌ದು ಗಿಟಾರಾ ಅಕ್ಕಾ? ಇಲ್ಲೇ ಇಟ್ಟು ಹೋಗಿ, ನಾವು ನೋಡ್ಕಳ್ತೀವಿ,” ಎಂದ ನಿರೂಪಕ, ನನ್ನನ್ನು ಮುಂದಿನ ಸಾಲಿಗೆ ಕಳಿಸಿದ. ಹಿಂದೆಯೇ ಅರಿಶಿನ ಕುಂಕುಮದ ತಟ್ಟೆ ಬಂತು. ತೆಂಗಿನಕಾಯಿ, ರವಿಕೆ ಕಣ. “ಅಕ್ಕನ ಸಹಕಾರ ಇಲ್ದಿದ್ರೆ ಸಾರ್ ಇಷ್ಟು ಸಾಧನೆ ಮಾಡಕ್ಕಾಗ್ತಿತ್ತಾ?” ಎಂದು ಮೈಕಿನಲ್ಲಿ ಹೊಗಳಿಕೆ ಬೇರೆ. ಸಹಕಾರವಂತೆ! ಹೊತ್ತುಹೊತ್ತಿಗೆ ಕಾಫಿ ಕೊಟ್ಟದ್ದಕ್ಕೆ ಇರಬೇಕು. ನಮ್ಮ ಮನೆಯಲ್ಲಿ ಕಾಫಿ ಮಾಡುವವರೂ ಅವರೇ.

ಗಂಡ ಸರಿಮಾಡುತ್ತಾರೆ ಎಂದು ಕಾದೆ. ಅವರ ಕೈಗೆ ಮೈಕು ಬಂತು. ಗೆಳೆಯರಿಗೆ, ಗಣ್ಯರಿಗೆ, ಊಟದ ವ್ಯವಸ್ಥೆಗೆ ವಂದಿಸಿ ನುಡಿಸಲು ಶುರುಮಾಡಿದರು. ಅದೂ ನಾನು ಕಟ್ಟಿದ ಟ್ಯೂನನ್ನೇ. ಅದರ ನಡುವೆ ಸ್ಯಾಕ್ಸೊಫೋನ್ ನಿಂತು, ಗಿಟಾರು ಒಂದೇ ಮುಂದುವರಿಯಬೇಕು. ಅಲ್ಲಿಗೆ ಬಂದಾಗ ನಿಲ್ಲಿಸಿ, ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ನೋಡಿದರು. ಮನೆಯಲ್ಲಿ ನಾನು ಕೂರುವುದು ಆ ಕಡೆ. ಅಲ್ಲಿ ಹಣ್ಣಿನ ಬುಟ್ಟಿ ಇತ್ತು.

ಮುಗಿಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಪಾಪ, ಅವರಿಗೇನು ಗೊತ್ತು. ಮುಗಿದಿಲ್ಲವೆಂದು ಗೊತ್ತಿದ್ದವರು ಸ್ಟೇಜಿನ ಮೇಲೆ ಒಬ್ಬರೇ ಇದ್ದರು. ಅವರು ಸ್ಯಾಕ್ಸೊಫೋನನ್ನು ಎದೆಗೊತ್ತಿಕೊಂಡು, ಬಾಗಿ ನಮಸ್ಕಾರ ಮಾಡಿದರು.