ನೀಲವ್ವಕ್ಕ ಕರೆಯದ ಹೆಸರು

ನೀಲವ್ವಕ್ಕ ತನ್ನ ನಾಯಿಯನ್ನು ಬಳೆಯಿಂದ ಕರೆಯುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಕ್ಕದ ತನ್ನ ಮನೆಯ ಕಟ್ಟೆಯ ಮೇಲೆ ಹಿತ್ತಾಳೆಯ ಗಂಗಾಳ ಇಟ್ಟು, ಅದರ ಅಂಚಿಗೆ ಬಲಗೈಯ ಹಸಿರು ಬಳೆಗಳನ್ನು ತಾಗಿಸುವಳು. ದೊಡ್ಡ ಸಪ್ಪಳವೇನಲ್ಲ. ಆದರೂ ಆ ಮುಧೋಳ ನಾಯಿ ಓಣಿಯ ಯಾವ ಮೂಲೆಯಲ್ಲಿದ್ದರೂ ಕಾಲು ನೆಲಕ್ಕೆ ಹತ್ತಿತೋ ಇಲ್ಲವೋ ಅನ್ನುವ ಹಾಗೆ ಬಂದು ನಿಲ್ಲುತ್ತಿತ್ತು. ಬ್ಯಾಡಗಿಗೆ ಸೊಸೆಯಾಗಿ ಬಂದಾಗಿನಿಂದ ನಾನು ಗಡಿಯಾರ ನೋಡಿ ದೇವರಿಗೆ ದೀಪ ಹಚ್ಚಿದವಳಲ್ಲ. ಆ ಬಳೆಯ ಸಪ್ಪಳ ಕೇಳಿದ ಮೇಲೆಯೇ ಕಡ್ಡಿ ಗೀರುತ್ತಿದ್ದೆ.

ನಾಯಿಗೆ ಹೆಸರಿರಲಿಲ್ಲ ಅಂತಲ್ಲ. ಇತ್ತು, ಓಣಿಗೆಲ್ಲ ಗೊತ್ತಿತ್ತು. ಅವಳೊಬ್ಬಳು ಮಾತ್ರ ಅದನ್ನು ಬಾಯಲ್ಲಿ ತರುವ ಹಾಗಿರಲಿಲ್ಲ. ನಾಯಿಯ ಹೆಸರು ರಾಜಾ. ಅವಳ ಗಂಡ ರಾಜಪ್ಪ, ಅವನನ್ನೂ ಅವನ ತಾಯಿ ಇರುವ ತನಕ ರಾಜಾ ಅಂತಲೇ ಕರೆದಿದ್ದಳಂತೆ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಈಗಿನ ಹುಡುಗಿಯರು ನಗುತ್ತಾರೆ, ನಗಲಿ. ನಾನೂ ನಮ್ಮ ಮನೆಯವರ ಹೆಸರು ಹಿಡಿಯುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಅವರ ಆಧಾರ್ ಕಾರ್ಡು ಮುಂದೆ ಮಾಡುತ್ತೇನೆ.

ರಾಜಪ್ಪ ಮೆಣಸಿನಕಾಯಿ ಲೋಡಿನ ಗಾಡಿ ಹೊಡೆಯುತ್ತಿದ್ದ. ಒಮ್ಮೆ ಮುಧೋಳದ ಕಡೆ ಹೋದವನು ಅಂಗೈ ಅಗಲದ ಮರಿಯೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಕೊಟ್ಟವರು ಹೆಸರಿಟ್ಟೇ ಕೊಟ್ಟಿದ್ದರು. ಹೆಸರು ಕೇಳಿ ನೀಲವ್ವಕ್ಕ ಹಣೆ ಬಡಿದುಕೊಂಡಳು. ಅವನು ನಕ್ಕ.

"ಈ ಮನ್ಯಾಗ ನನ್ನ ಹೆಸರ ಹಿಡದ ಕರಿಯೋರ ಯಾರೂ ಇಲ್ಲ. ಇನ್ನ ಮ್ಯಾಲೆ ನಾನ ಕರಕೊಂತೇನಿ ಬಿಡು," ಅಂದ.

ಮಕ್ಕಳಿಲ್ಲದ ಮನೆ. ಅವನು ತಾನು ಉಣ್ಣುತ್ತಿದ್ದ ಮದುವೆಯ ಗಂಗಾಳವನ್ನೇ ನಾಯಿಗೆ ಬಿಟ್ಟುಕೊಟ್ಟು ಸ್ಟೀಲಿನ ತಾಟಿಗೆ ಇಳಿದ. ತತ್ತಿ ನಾಯಿಗೆ, ಹಾಲಿನ ಕೆನೆ ನಾಯಿಗೆ, ಇದ್ದೊಂದು ಫ್ಯಾನು ನಾಯಿ ಮಲಗುವ ಕೋಣೆಗೆ. ಧಾರವಾಡ, ಹಾವೇರಿ, ಎಲ್ಲಿ ನಾಯಿಗಳ ಪ್ರದರ್ಶನ ಅಂದರೂ ಗಾಡಿ ತೊಳೆದು ಅದರಲ್ಲಿ ಚಾದರ ಹಾಸಿ ಕರೆದುಕೊಂಡು ಹೋಗುತ್ತಿದ್ದ. ಎಲ್ಲಿ ಹೋದರೂ ಎರಡನೆಯ ಬಹುಮಾನದ ಕಪ್ಪು. ಗೋಡೆಯ ಮಾಡದಲ್ಲಿ ಅವನ್ನು ಸಾಲಾಗಿ ಇಟ್ಟು, ಒಂದನೆಯದಕ್ಕೆ ಅಂತ ನಡುವೆ ಜಾಗ ಬಿಟ್ಟಿದ್ದ. ಆ ಜಾಗದಲ್ಲಿ ನೀಲವ್ವಕ್ಕ ಧೂಳು ಮಾತ್ರ ಒರೆಸುತ್ತಿದ್ದಳು, ಬೇರೆ ಏನೂ ಇಡುತ್ತಿರಲಿಲ್ಲ.

"ನಮ್ಮ ಮನ್ಯಾಗ ಇಬ್ಬರ ಗಂಡಸರು ಅದಾರ ಗಿರಿಜಾ," ಅನ್ನುತ್ತಿದ್ದಳು ನನಗೆ. "ಅವರಾಗ ಒಬ್ಬರು ಹೇಳಿದ ಮಾತು ಕೇಳತಾರ."

ಸುಗ್ಗಿಯಲ್ಲಿ ಅವಳು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಆ ಕೆಲಸ ಮಾಡಿದ ಕೈ ಸಂಜೆಗೆ ಕೆಂಡ. ಎಣ್ಣೆ ಹಚ್ಚು, ಮಜ್ಜಿಗೆಯಲ್ಲಿ ಅದ್ದು, ಉರಿ ಹೋಗುವುದಿಲ್ಲ. ಆ ಕೈಯಿಂದ ಕಣ್ಣು ಮುಟ್ಟಿಕೊಳ್ಳುವಂತಿಲ್ಲ, ಕೂಸು ಎತ್ತುವಂತಿಲ್ಲ. ನಾಯಿಯ ಮೂಗಂತೂ ಇನ್ನೂ ಸೂಕ್ಷ್ಮ. ಅದಕ್ಕೆ ಅವಳು ಅಂಗೈ ಹಿಂದಕ್ಕೆ ಮಡಚಿಕೊಂಡು, ಮೊಣಕೈಯ ಒಳಭಾಗದಿಂದ ಅದರ ಬೆನ್ನು ಸವರುತ್ತಿದ್ದಳು. ಕಣ್ಣು ಮುಚ್ಚಿ ನಿಲ್ಲುತ್ತಿತ್ತು ಅದು. ಸುಗ್ಗಿ ಮುಗಿದ ಮೇಲೂ ಅವಳಿಗೆ ಅದೇ ರೂಢಿಯಾಗಿಬಿಟ್ಟಿತ್ತು.

ರಾಜಪ್ಪನಿಗೆ ಲಕ್ವಾ ಹೊಡೆದದ್ದು ಗಾಡಿಯಲ್ಲೇ. ಗಾಡಿ ನಿಂತಿತ್ತು ಅನ್ನುವುದೊಂದು ಪುಣ್ಯ, ಮಂದಿಯ ಮೇಲೆ ಹೋಗಲಿಲ್ಲ. ಬಲಭಾಗ ಬಿದ್ದುಹೋಯಿತು, ನಾಲಿಗೆಯೂ ಹೋಯಿತು. ಅವನು ನಡುಮನೆಯ ಹೊರಸಿನ ಮೇಲೆ, ನಾಯಿ ಹೊರಸಿನ ಕೆಳಗೆ. ಇನ್ನು ಆ ಮನೆಯಲ್ಲಿ ರಾಜಾ ಅಂತ ಕರೆಯುವವರು ಯಾರೂ ಉಳಿಯಲಿಲ್ಲ.

ನೀಲವ್ವಕ್ಕ ಪ್ರತಿ ಶನಿವಾರ ಕದರಮಂಡಲಗಿಯ ಹಣಮಪ್ಪನ ಗುಡಿಗೆ ಹೋಗಿ ಬರತೊಡಗಿದಳು. ಅವಳು ಬೇಡಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಎದ್ದು ಓಡಾಡಲಿ ಅಂತ ಅವಳು ಒಂದು ದಿನವೂ ಕೇಳಲಿಲ್ಲ. "ಇರೂವಂಗ ಇರಲಪ್ಪಾ, ಇದ್ದರ ಸಾಕು," ಅಷ್ಟೇ. ದೇವರ ಹತ್ತಿರವೂ ಕಡಿಮೆ ಕೇಳಬೇಕು ಅನ್ನುವುದನ್ನು ನಾನು ಅವಳಿಂದಲೇ ಕಲಿತೆ.

ಒಂದು ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುತ್ತ ಬಂದರು, ಹಾವೇರಿಯಲ್ಲಿ ನಾಯಿಗಳ ಪ್ರದರ್ಶನ ಅಂತ. ಒಳಗಿಂದ ದಬದಬ ಸಪ್ಪಳ. ರಾಜಪ್ಪ ಎಡಗೈಯಿಂದ ಹೊರಸು ಬಡಿಯುತ್ತಿದ್ದ. ನಾವು ಓಡಿ ಹೋದರೆ ಮಾಡದ ಕಡೆ ಕೈ ತೋರಿಸಿ, ಒಂದು ಬೆರಳು ಎತ್ತಿದ. ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯುತ್ತಿತ್ತು, ಕಣ್ಣು ಮಾತ್ರ ಮೊದಲಿನ ಗಾಡಿ ಹೊಡೆಯುವ ರಾಜಪ್ಪನದೇ.

"ಹೊಕ್ಕೇನ್ರಿ. ನಾನ ಕರಕೊಂಡ ಹೊಕ್ಕೇನಿ. ನೀವು ಸುಮ್ಮ ಮಕ್ಕೊಳ್ರಿ," ಅಂದಳು ಸೆರಗಿನಿಂದ ಬಾಯಿ ಒರೆಸುತ್ತ.

ಹೀಗೆ ನಾವಿಬ್ಬರು ಹೆಂಗಸರು, ಒಂದು ನಾಯಿ, ಟಂಟಂ ಗಾಡಿಯಲ್ಲಿ ಹಾವೇರಿಗೆ ಹೋದೆವು. ರಾಜಪ್ಪನ ಹತ್ತಿರ ನಮ್ಮ ಮನೆಯವರು ಕೂತರು.

ಅಲ್ಲಿನ ಮೈದಾನ ನೋಡಿ ನನಗೆ ನಗು ತಡೆಯಲಾಗಲಿಲ್ಲ. ರಾಣೆಬೆನ್ನೂರಿನ ಗಂಡಹೆಂಡತಿ ಒಂದು ಮೋಟು ಮೂತಿಯ ನಾಯಿಯನ್ನು ಕೂಸಿನ ಗಾಡಿಯಲ್ಲಿ ಕೂಡಿಸಿ, ಹಗ್ಗ ಯಾರು ಹಿಡಿಯಬೇಕು ಅಂತ ಜಗಳಕ್ಕೆ ನಿಂತಿದ್ದರು. "ನಿಮ್ಮ ಕೈಯಾಗ ಕೊಟ್ಟ ಹ್ವಾದ ವರ್ಷನ ಕೆಟ್ಟತು," ಅಂತ ಅವಳು. "ಹ್ವಾದ ವರ್ಷ ಅದಕ್ಕ ಜಿಲೇಬಿ ತಿನ್ನಿಸಿದಾಕಿ ನೀನು," ಅಂತ ಅವನು. ಒಬ್ಬರು ತಮ್ಮ ಬೋಳು ತಲೆಗೆ ಬಿಸಿಲು ಬಡಿಯುತ್ತಿದ್ದರೂ ನಾಯಿಗೆ ಕೊಡೆ ಹಿಡಿದಿದ್ದರು. ಇನ್ನೊಂದು ನಾಯಿಯ ಹಣೆಗೆ ವಿಭೂತಿ. ನೀಲವ್ವಕ್ಕ ಮಾತ್ರ ನಗಲಿಲ್ಲ. ಅವಳಿಗೆ ಅವರೆಲ್ಲ ತನ್ನ ಗಂಡನ ಹಾಗೆಯೇ ಕಂಡಿರಬೇಕು.

"ಅವ್ವಾರ, ನಾಯಿ ಹೆಸರು ಹೇಳ್ರಿ," ಅಂತ ಮೈಕು ಹಿಡಿದವನು ಕೇಳಿದ.

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮದುವೆ, ಸೀಮಂತದಲ್ಲಿ ಗಂಡನ ಹೆಸರು ಹೇಳು ಅಂತ ಕಾಡಿದಾಗ ನಾವು ಒಡಪು ಕಟ್ಟಿ ಹೇಳುತ್ತೇವಲ್ಲ, ಆ ಹಾಡಿನೊಳಗೆ ಬಂದರೆ ಹೆಸರಿಗೆ ದೋಷವಿಲ್ಲ. ಹಾಗೆಯೇ ನೆಲ ನೋಡುತ್ತ ಹೇಳಿದಳು:

"ಬ್ಯಾಡಗಿ ಮೆಣಸಿನಕಾಯಿ ಬಣ್ಣ ಎಂದೆಂದೂ ತಾಜಾ,
ನನ್ನ ಮನಿ ಬಾಗಲಾ ಕಾಯಾಂವ ರಾಜಾ."

ಮೈದಾನವೆಲ್ಲ ಹೋ ಅಂತ ನಕ್ಕಿತು. "ನಾಯಿ ಹೆಸರು ಕೇಳಿದ್ನಿರಿ, ಯಜಮಾನರದಲ್ಲ," ಅಂದ ಮೈಕಿನವನು. "ಎರಡೂ ಅದರಾಗ ಬಂದಾವ, ಬರಕೊಳ್ರಿ," ಅಂದಳು. ಮತ್ತೆ ನಗು. ಆಗ ಅವಳ ತುಟಿಯಲ್ಲೂ ಒಂದಿಷ್ಟು ನಗು ಬಂದಿತ್ತು. ಅವಳ ನಗು ಆಮೇಲೆ ನಾನು ನೋಡಲಿಲ್ಲ.

ಓಟ, ಮೈಕಟ್ಟು, ಹಲ್ಲು ಎಲ್ಲ ನೋಡಿ ಮುಗಿಯುವ ಹೊತ್ತಿಗೆ ಎರಡೇ ನಾಯಿ ಉಳಿದವು. ಕೊನೆಯ ಪರೀಕ್ಷೆ ಸುಲಭದ್ದು. ನಾಯಿಯನ್ನು ಆ ತುದಿಯಲ್ಲಿ ಒಬ್ಬರು ಹಿಡಿದು ನಿಲ್ಲುತ್ತಾರೆ, ಈ ತುದಿಯಿಂದ ಮಾಲಕರು ಹೆಸರು ಹಿಡಿದು ಕರೆಯಬೇಕು. ತಿನಿಸು ತೋರಿಸುವಂತಿಲ್ಲ, ಬೇರೆ ಸಪ್ಪಳ ಮಾಡುವಂತಿಲ್ಲ. ಮೊದಲನೆಯ ನಾಯಿ ಮಾಲಕನ ಕಡೆ ಬರುವುದನ್ನು ಬಿಟ್ಟು ಮಿರ್ಚಿ ಕರಿಯುವವನ ಬಂಡಿಗೆ ಹೋಗಿ ನಿಂತಿತು, ಸಾವಕಾಶ ತಿರುಗಿ ಬಂತು. ಇನ್ನು ನೀಲವ್ವಕ್ಕ ಬಾಯಿ ತೆರೆದರೆ ಸಾಕು, ಒಂದನೆಯ ಕಪ್ಪು ಅವಳದು.

ಆ ತುದಿಯಲ್ಲಿ ನಾಯಿ ಕಿವಿ ನೆಟ್ಟಗೆ ಮಾಡಿ ಇವಳನ್ನೇ ನೋಡುತ್ತ ನಡುಗುತ್ತಿತ್ತು.

"ಕರೀರಿ ಅವ್ವಾರ," ಅಂದರು ತೀರ್ಪು ಕೊಡುವ ಡಾಕ್ಟರು.

ಅವಳು ನಿಂತೇ ಇದ್ದಳು. ನಾನು ಹತ್ತಿರ ಹೋಗಿ, "ಅಕ್ಕಾ, ಅದು ನಾಯಿ ಹೆಸರವಾ, ಅವರದಲ್ಲ," ಅಂದೆ.

"ದ್ಯಾವರಿಗೆ ಇಷ್ಟೆಲ್ಲಾ ಬಿಡಿಸಿ ತಿಳೀತೈತೇನ ಗಿರಿಜಾ? ಹೆಸರಂದ್ರ ಹೆಸರ."

"ಒಡಪಿನ್ಯಾಗರ ಹೇಳು."

"ಒಡಪಿನ್ಯಾಗ ಕರಿಯಾಕ ಬರೂದಿಲ್ಲ. ಕರಿಯೂದು ಬ್ಯಾರೆ, ಹೇಳೂದು ಬ್ಯಾರೆ."

ಡಾಕ್ಟರು ಇನ್ನೊಮ್ಮೆ ಕರೆಯಲು ಹೇಳಿದರು. ಆಗ ಅವಳು ಅವರ ಮೇಜಿನ ಮೇಲಿದ್ದ ನೀರಿನ ತಂಬಿಗೆ ಎತ್ತಿಕೊಂಡು, ಅದಕ್ಕೆ ಬಳೆ ತಾಗಿಸಿದಳು. ಹಿಡಿದವನ ಕೈಯಿಂದ ಬಿಡಿಸಿಕೊಂಡು ಬಂದ ನಾಯಿ ಅವಳ ಮೊಣಕೈಯಲ್ಲಿ ಮೂತಿ ಇಟ್ಟು ನಿಂತಿತು. ಮಂದಿ ಚಪ್ಪಾಳೆ ತಟ್ಟಿದರು. ಡಾಕ್ಟರು ಒಳ್ಳೆಯವರು, ಬಹಳ ನೊಂದುಕೊಂಡೇ ನಿಯಮ ಹೇಳಿದರು. ನಮಗೆ ಮತ್ತೆ ಎರಡನೆಯ ಕಪ್ಪು.

ಮನೆಗೆ ಬಂದಾಗ ರಾಜಪ್ಪ ಎಚ್ಚರವಾಗಿಯೇ ಇದ್ದ. ಕಪ್ಪು ನೋಡಿ ಕಣ್ಣು ಅರಳಿಸಿದ. ಒಂದು ಬೆರಳು ಎತ್ತಿ ಅವಳ ಮುಖ ನೋಡಿದ. ಅವಳು ಎರಡು ಬೆರಳು ತೋರಿಸಿದಳು.

"ನಾ ಕರೀಲಿಲ್ಲರಿ. ನಿಮಗ ಗೊತ್ತೈತೆಲ್ಲ, ನಾ ಕರಿಯೂದಿಲ್ಲ."

ಅವನು ಬಹಳ ಹೊತ್ತು ಅವಳನ್ನು ನೋಡಿದ. ಆಮೇಲೆ ಕಷ್ಟಪಟ್ಟು, ಬದುಕಿದ್ದ ಆ ಒಂದು ಕೈಯಿಂದ ಹೊರಸಿನ ಅಂಚು ಹಿಡಿದು ಗೋಡೆಯ ಕಡೆ ಹೊರಳಿದ. ಅವಳು ಕಪ್ಪನ್ನು ಮಾಡದ ತುದಿಯಲ್ಲಿಟ್ಟು ಒಲೆಯ ಮುಂದೆ ಕುಂತಳು.

"ಸಿಟ್ಟಾಗಲಿ ತಗೋ," ಅಂದಳು ನನಗೆ. "ಸಿಟ್ಟಾಗಾಕ ಜೀವ ಇರಬೇಕೆಲ್ಲ."

ಜೀವ ಸುಗ್ಗಿಯ ತನಕ ಇತ್ತು. ಅವಳು ತಿನ್ನಿಸಿದ್ದನ್ನು ತಿಂದ, ತೊಳೆದರೆ ತೊಳೆಸಿಕೊಂಡ. ಆದರೆ ಮುಖ ಗೋಡೆಯ ಕಡೆಯೇ. ನಾನು ಎಷ್ಟೋ ಸಲ ಹೇಳಿದೆ, "ಅಣ್ಣಾ, ನಿನ್ನ ಸಲುವಾಗೇ ಆಕಿ ಹಂಗ ಮಾಡಿದ್ಲು." ಕೇಳಿಸಿತೋ ಇಲ್ಲವೋ.

ಅವನು ಹೋದದ್ದು ಮಧ್ಯಾಹ್ನ. ನಾಯಿ ಒಂದೇ ಸಮನೆ ಬೊಗಳುವುದು ಕೇಳಿ ನಾನು ಹೋಗಿ ನೋಡಿದರೆ ಮುಗಿದುಹೋಗಿತ್ತು. ಎಡಗೈ ಹೊರಸಿನಿಂದ ಕೆಳಗೆ ಇಳಿಬಿದ್ದಿತ್ತು, ಅದರ ಕೆಳಗೆ ನಾಯಿಯ ತಲೆ. ಒಬ್ಬನೇ ಹೋಗಲಿಲ್ಲವಲ್ಲ ಶಿವನೇ, ಅದೊಂದು ನೀನು ಮಾಡಿದ ಉಪಕಾರ, ಅಂದುಕೊಂಡೆ. ಇಂಥವನ್ನು ಎಣಿಸಿಕೊಂಡೇ ನಾನು ಬದುಕುವವಳು. ಆ ದಿನ ಎಣಿಸಲು ಹೆಚ್ಚೇನೂ ಸಿಗಲಿಲ್ಲ.

ನೀಲವ್ವಕ್ಕ ತೊಟ್ಟು ಬಿಡಿಸುವಲ್ಲಿಂದ ಹಾಗೆಯೇ ಓಡಿ ಬಂದಳು, ಕೈ ಕೆಂಪಗೆ. ಹೊರಸಿನ ಹತ್ತಿರ ಬಂದು ಎರಡೂ ಕೈ ಚಾಚಿದವಳು ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು.

"ಉರೀತೈತಿ ಅವರಿಗೆ," ಅಂದಳು.

ಅಂಗೈ ಮಡಚಿ, ಮೊಣಕೈಯ ಒಳಭಾಗದಿಂದ ಅವನ ಕೆನ್ನೆ ಸವರಿದಳು. ಮುಖ ಆಗಲೂ ಗೋಡೆಯ ಕಡೆಗೇ ಇತ್ತು. ನಾನು ಅದನ್ನು ಅವಳ ಕಡೆ ಮೆಲ್ಲಗೆ ತಿರುಗಿಸಿದೆ.

ಹಿರಿಯರು ಬಂದು ಮಾಡುವುದನ್ನೆಲ್ಲ ಮಾಡಿದರು. ಬಳೆ ಒಡೆದರು.

ಅಂದಿನಿಂದ ನಾಯಿ ಗಂಗಾಳದ ಹತ್ತಿರ ಸುಳಿಯಲಿಲ್ಲ. ಹೊರಸಿನ ಕೆಳಗಿಂದ ಎದ್ದೇ ಬರಲಿಲ್ಲ. ಅವಳು ಸೌಟಿನಿಂದ ಬಡಿದಳು, ಚಮಚದಿಂದ ಬಡಿದಳು. ಕಡೆಗೆ ನನ್ನನ್ನು ಕರೆದು, "ನಿನ್ನ ಬಳಿಯಿಂದ ಒಮ್ಮಿ ಮಾಡಿ ನೋಡವಾ," ಅಂದಳು. ಮಾಡಿದೆ. ನಾಯಿ ತಲೆ ಎತ್ತಿತು. ನನ್ನನ್ನು ನೋಡಿ ಮತ್ತೆ ತಲೆ ಕೆಳಗಿಟ್ಟಿತು. ಆ ಸಪ್ಪಳ ಅವಳದಲ್ಲ ಅಂತ ಅದಕ್ಕೆ ತಿಳಿಯಿತು. ಪಕ್ಕೆಲುಬು ಒಂದೊಂದೂ ಕಾಣುತ್ತಿದ್ದವು.

ಮರುದಿನ ಸಂಜೆ ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಪಕ್ಕದ ಮನೆಯಿಂದ ಒಂದು ದನಿ. ಬಳಸದೆ ಇಟ್ಟ ಬಾಗಿಲು ತೆರೆದ ಹಾಗೆ ಒರಟಾಗಿತ್ತು.

"ರಾಜಾ."

ಎದ್ದು ಅವಳ ಕಟ್ಟೆಗೆ ಹೋಗಿ ನಿಂತೆ. ಎದುರುಮನೆಯ ಕಲ್ಲವ್ವಜ್ಜಿಯೂ ಬಂದಳು. ಒಳಗೆ ನಾಯಿ ಎದ್ದು ನಿಂತಿತ್ತು. ಅದು ಅವಳ ಹತ್ತಿರ ಹೋಗಲಿಲ್ಲ. ಹೊರಸಿನ ಮೇಲೆ ಮುಂಗಾಲಿಟ್ಟು ನೋಡಿತು, ಹಿತ್ತಲಿಗೆ ಹೋಗಿ ಬಂತು, ಅಂಗಳಕ್ಕೆ ಬಂದು ಓಣಿಯ ಎರಡೂ ಕಡೆ ನೋಡಿತು. ಹಾಗೆ ಕರೆಯುತ್ತಿದ್ದವನು ಬಂದಿದ್ದಾನೆ ಅಂದುಕೊಂಡಿರಬೇಕು. ಎಲ್ಲ ನೋಡಿದ ಮೇಲೆ ತಿರುಗಿ ಬಂದು ಅವಳ ಮೊಣಕೈಗೆ ಮೂತಿ ತಾಗಿಸಿತು. ಗಂಗಾಳದಿಂದ ಒಂದಿಷ್ಟು ತಿಂದಿತು.

"ಹೆಸರ ಹಿಡಿಯಾಕತ್ತಿಯಲ್ಲ ನೀಲವ್ವಾ," ಅಂದಳು ಕಲ್ಲವ್ವಜ್ಜಿ.

"ಇನ್ನ ಯಾರ ಆಯುಷ್ಯ ಕಾಯಲಿ ಅಜ್ಜಿ?"

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ನೀಲವ್ವಕ್ಕನ ಪಕ್ಕ ಕುಂತೆ.

"ಅವತ್ತ ಕರದಿದ್ದರ ನಕ್ಕಿರತಿದ್ದರು," ಅಂದಳು. "ಹ್ಯಾಂಗೂ ಹೋಗವರಿದ್ದರು. ನಕ್ಕೊಂತ ಹೋಗತಿದ್ದರು."

"ಕರದ ಮ್ಯಾಲೆ ಹೋಗಿದ್ದರ, ನಾನ ಕಳಿಸಿದೆ ಅಂತ ಅಳತಿದ್ದೆಲ್ಲ ಅಕ್ಕಾ."

"ಹೌದು. ಈಗೂ ಅಳಾಕತ್ತೇನೆಲ್ಲ."

ಇಷ್ಟು ವರ್ಷ ಮಾಡಿದ ಪೂಜೆಯಲ್ಲಿ ಇದಕ್ಕೊಂದು ಉತ್ತರ ನನಗೆ ಸಿಕ್ಕಿಲ್ಲ. ಈಗಲೂ ದೇವರನ್ನು ಕೇಳುತ್ತಿರುತ್ತೇನೆ.

ಮಳೆಗಾಲಕ್ಕೆ ಮುಂಚೆ ಅವಳ ತಂಗಿ ರಾಣೆಬೆನ್ನೂರಿನಿಂದ ಬಂದು ಕರೆದುಕೊಂಡು ಹೋದಳು. ಸಾಮಾನೆಲ್ಲ ಸಣ್ಣ ಗಾಡಿಯಲ್ಲಿ ಹಿಡಿಸಿತು. ಕಪ್ಪುಗಳನ್ನು ಅವಳು ಸೀರೆಯಲ್ಲಿ ಸುತ್ತಿಕೊಂಡಿದ್ದಳು. ನಾಯಿ ಮಾತ್ರ ಹೊರಸಿದ್ದ ಜಾಗ ಬಿಟ್ಟು ಏಳಲಿಲ್ಲ. ಅವಳು ಗಾಡಿಯಿಂದ ಇಳಿದು ಒಳಗೆ ಹೋಗಿ, ಅದರ ಪಕ್ಕ ಕೂತು, ಬೋಳುಗೈಯಿಂದ ಅದರ ಬೆನ್ನು ಸವರಿದಳು. ಹೆಸರು ಹಿಡಿದು ಏನೋ ಹೇಳಿದಳು. ನನಗೆ ಹೆಸರಷ್ಟೇ ಕೇಳಿಸಿತು. ನಾಯಿ ಎದ್ದು ಅವಳ ಹಿಂದೆ ಬಂತು. ಹೋಗುವಾಗ ನನ್ನ ಗಲ್ಲವನ್ನು ಮೊಣಕೈಯಿಂದ ಸವರಿದಳು. ಸುಗ್ಗಿ ಮುಗಿದಿತ್ತು, ಕೈ ಉರಿಯುತ್ತಿರಲಿಲ್ಲ.

ಅವಳ ಮನೆಗೆ ಈಗ ಬೀಗ. ಸಂಜೆ ನಾನು ಗಡಿಯಾರ ನೋಡಿ ದೀಪ ಹಚ್ಚುತ್ತೇನೆ. ನಮ್ಮ ಮನೆಯವರು ಅಂಗಡಿಯಿಂದ ಬಂದು, ಈಚೆ ನನಗೆ ಬೆನ್ನು ಮಾಡಿ ಟಿವಿ ಮುಂದೆ ಕೂರುತ್ತಾರೆ. ಒಮ್ಮೊಮ್ಮೆ ಅವರ ಹೆಸರು ನನ್ನ ತುಟಿಯ ತನಕ ಬರುತ್ತದೆ. ಕರೆದರೆ ನಗುತ್ತಾರೇನೋ. ಆದರೂ ಕರೆಯಲು ಆಗುವುದಿಲ್ಲ. ನೀರಿನ ತಂಬಿಗೆ ಇಡುವಾಗ ಅದಕ್ಕೆ ಬಳೆ ತಾಗಿಸುತ್ತೇನೆ. ಅವರು ತಿರುಗಿ ನೋಡುತ್ತಾರೆ.