ಆರು ಬೋರ್ಡು, ಒಂದೇ ತಪ್ಪು

ಮಾಲೂರಿನ ಒಂದು ಐಟಿಐನಲ್ಲಿ ನಾನು ಫಿಟ್ಟರ್ ಮೇಷ್ಟ್ರು. ಕಬ್ಬಿಣ ಉಜ್ಜಿ ಕೈಯಲ್ಲಿ ಬೊಬ್ಬೆ ಬರದವನು ಏನನ್ನೂ ಕಲಿತಿಲ್ಲ ಅನ್ನುವ ಪೈಕಿ. ಹಾಗಾಗಿ ಎಲೆಕ್ಟ್ರಾನಿಕ್ಸ್ ಕಲಿಸಲು ವಕ್ಕಲೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಬೋಧಕಿ ರಮಾದೇವಿಯವರೆಂದರೆ ನನಗೆ ತಮಾಷೆ. ಲ್ಯಾಬಿನ ಹದಿನಾಲ್ಕು ಕಾಲಿನ ಐಸಿ ಚಿಪ್‌ಗಳೆಲ್ಲ ಸುಟ್ಟುಹೋಗಿದ್ದವು, ಹೊಸದಕ್ಕೆ ಬರೆದ ಅರ್ಜಿ ಎಲ್ಲೋ ಮಲಗಿತ್ತು. ಆಕೆ ಸುಮ್ಮನೆ ಕೂರಲಿಲ್ಲ. ಹಳೇ ಕಂಪ್ಯೂಟರುಗಳಿಗೆ ಸಿಮ್ಯುಲೇಷನ್ ತಂತ್ರಾಂಶ ಹಾಕಿ, ಪರದೆಯ ಮೇಲೇ ಸರ್ಕ್ಯೂಟ್ ಜೋಡಿಸುವುದನ್ನು ಕಲಿಸಿದರು. ತಪ್ಪಾದರೆ ಅಳಿಸಿ ಮತ್ತೆ ಎಳೆದರಾಯಿತು, ಏನೂ ಸುಡುವುದಿಲ್ಲ.

"ದಡದ ಮೇಲೆ ನಿಲ್ಸಿ ಈಜು ಕಲಿಸ್ತಿದ್ದೀಯಲ್ಲಮ್ಮ" ಎಂದು ರೇಗಿಸುತ್ತಿದ್ದೆ. ಆಕೆ ನಗುತ್ತಿದ್ದರು. ಮಕ್ಕಳು ಮಾತ್ರ ಊಟದ ಹೊತ್ತಿಗೂ ಅಲ್ಲಿಂದ ಏಳುತ್ತಿರಲಿಲ್ಲ. ನನಗೆ ಹೊಟ್ಟೆಯುರಿ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಹೊರಗಿನಿಂದ ಬಂದ ಪರೀಕ್ಷಕರು ಅಮರನಾಥ್ ಒಂದು ಡಬ್ಬಿ ಹೊಸ ಐಸಿ ತಂದು ಮೇಜಿನ ಮೇಲಿಟ್ಟರು. "ಕಂಪ್ಯೂಟರ್ ಬೇಡ. ಬ್ರೆಡ್‌ಬೋರ್ಡಲ್ಲೇ ಮಾಡ್ಲಿ. ಒಂದು ಗಂಟೆ ಟೈಮು."

ಆರು ಮಕ್ಕಳು. ಮಾಸ್ತಿಯ ಶ್ರುತಿಗೆ, ಪಾಸಾದರೆ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಕೆಲಸ ಗಟ್ಟಿ. ಫೇಲಾದರೆ ಆರು ತಿಂಗಳು ಮನೆ, ಅಷ್ಟರಲ್ಲಿ ಮನೆಯವರು ಗಂಡು ಗೊತ್ತುಮಾಡುವುದು ಖಂಡಿತ.

ಮುಕ್ಕಾಲು ಗಂಟೆಯಾದರೂ ಒಂದು ಬೋರ್ಡಿನಲ್ಲೂ ದೀಪ ಹತ್ತಲಿಲ್ಲ. ಶ್ರುತಿ ಬೋರ್ಡಿನ ತೂತುಗಳಿಂದ ತಂತಿ ಕಿತ್ತು ಮತ್ತೆ ಚುಚ್ಚುತ್ತಿದ್ದಳು. ಪಕ್ಕದ ಸೀನ "ಅಯ್ಯೋ ದೇವುಡಾ" ಎಂದು ತಲೆಮೇಲೆ ಕೈಹೊತ್ತು ಕೂತ.

ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ರಮಾದೇವಿಯವರು ಕತ್ತು ಚಾಚಿ ಒಂದೊಂದೇ ಬೋರ್ಡು ನೋಡಿದರು. "ಮೇಷ್ಟ್ರೇ, ಯಾರೂ ಐಸಿಗೆ ಕರೆಂಟೇ ಕೊಟ್ಟಿಲ್ಲ. ಏಳನೇ ಕಾಲು, ಹದಿನಾಲ್ಕನೇ ಕಾಲು ಎರಡೂ ಖಾಲಿ. ಕಂಪ್ಯೂಟರ್ ಚಿತ್ರದಲ್ಲಿ ಆ ಕಾಲುಗಳೇ ಇರಲ್ಲ, ಕರೆಂಟ್ ತಾನಾಗೇ ಇರುತ್ತೆ. ನಾನು ಹೇಳ್ಕೊಡೋದೇ ಮರ್ತೆ."

"ಒಂದ್ಸಲ ಕೆಮ್ಮಿ ಬೆರಳು ತೋರ್ಸಮ್ಮ, ಸಾಕು" ಎಂದೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಆಕೆ ಕೆಮ್ಮಲಿಲ್ಲ. ಪರೀಕ್ಷಕರನ್ನು ಹೊರಗೆ ಕರೆದರು.

"ಸಾರ್, ಆರೂ ಬೋರ್ಡಲ್ಲಿ ಒಂದೇ ತಪ್ಪಿದೆ. ಆರು ಜನಾನೂ ಒಂದೇ ತಪ್ಪು ಮಾಡಿದ್ರೆ ಅದು ಕಲಿಸಿದವರ ತಪ್ಪು. ಐದು ನಿಮಿಷ ಪಾಠ ಮಾಡೋಕೆ ಬಿಡಿ. ಆಮೇಲೆ ಬೇರೆ ಸರ್ಕ್ಯೂಟ್ ಕೊಟ್ಟು ನೋಡಿ."

"ಹಂಗೆಲ್ಲ ಆಗಲ್ಲ ಮೇಡಂ. ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?"

"ನಾನು ಬರ್ದುಕೊಡ್ತೀನಿ ಸಾರ್."

ಅಮರನಾಥ್ ಗಡಿಯಾರ ನೋಡಿದರು, ಒಳಗಿನ ಮಕ್ಕಳನ್ನು ನೋಡಿದರು. ಕೊನೆಗೆ ಒಂದು ಹಾಳೆ ಮುಂದೆ ಚಾಚಿದರು. ಮುಂದಿನ ವರ್ಷ ಆಕೆಯನ್ನು ಕರೆಯುವುದು ಬಿಡುವುದು ಪರೀಕ್ಷಕರ ವರದಿಯ ಮೇಲಿತ್ತು. ಅದು ಗೊತ್ತಿದ್ದೂ ರಮಾದೇವಿಯವರು "ಇದನ್ನು ನಾನು ಕಲಿಸಿರಲಿಲ್ಲ" ಎಂದು ಬರೆದು ಸಹಿ ಹಾಕಿಬಿಟ್ಟರು.

ಐದು ನಿಮಿಷದ ಪಾಠವಾಯಿತು, ಅಮರನಾಥ್ ಹೊಸ ಸರ್ಕ್ಯೂಟ್ ಕೊಟ್ಟರು. ಆರಕ್ಕೆ ಆರೂ ದೀಪ ಹತ್ತಿದವು. ಶ್ರುತಿ ಬಿಕ್ಕಿಬಿಕ್ಕಿ ಅತ್ತಳು, ನನ್ನ ಕಣ್ಣೂ ತುಂಬಿತು.

ಮುಂದಿನ ವರ್ಷ ರಮಾದೇವಿಯವರನ್ನು ಕರೆಯಲಿಲ್ಲ. ನನ್ನದು ಇಪ್ಪತ್ತೆಂಟು ವರ್ಷದ ಸರ್ವಿಸು. ನನ್ನ ಕೈಕೆಳಗೆ ಫೇಲಾದವರನ್ನೆಲ್ಲ ದಡ್ಡರು ಎಂದೇ ಬೈದುಕೊಂಡು ಬಂದವನು. ಅವರೆಲ್ಲರದೂ ಒಂದೇ ತಪ್ಪಾಗಿತ್ತೇ ಎಂದು ಒಂದು ದಿನವೂ ನೋಡಿರಲಿಲ್ಲ.