ಅಂಗಡಿಯಲ್ಲೊಂದು ಸ್ಟೂಲು

ಓಣಿಯ ಕೊನೆಯಲ್ಲಿದ್ದ ಮೋಟಾರ್‌ಸೈಕಲ್ ರಿಪೇರಿ ಅಂಗಡಿಯವನಿಗೆ ಜನ ಇಟ್ಟ ಹೆಸರು ಡಾಕ್ಟರ್. ಹೊಸ ಗಾಡಿಗಳ ತಂಟೆಗೆ ಅವನು ಹೋಗುತ್ತಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಓಡಿ ಸುಸ್ತಾದವು, ಬೆಳಿಗ್ಗೆ ಒದೆಸಿಕೊಂಡು ಒದೆಸಿಕೊಂಡು ಯಜಮಾನನ ಕಾಲು ಸೋಲಿಸುವವು, ಸಿಗ್ನಲ್ಲಿನಲ್ಲಿ ನಿಂತರೆ ಅಲ್ಲೇ ಪ್ರಾಣ ಬಿಡುವವು, ಇಂಥವೇ ಅವನ ಬಾಗಿಲಿಗೆ ಬರುತ್ತಿದ್ದವು. ಕಾರ್ಬ್ಯುರೇಟರ್ ಬಿಚ್ಚಿ ಅವನ ಕೈಗೆ ಕೊಟ್ಟರೆ ಮಾರನೆಯ ದಿನ ಗಾಡಿ ಹೊಸ ಅಳಿಯನ ಹಾಗೆ ಓಡಾಡುತ್ತದೆ, ಎಲ್ಲ ಡಾಕ್ಟರ ಕೈಗುಣ ಎಂದು ಜನ ಹೇಳುತ್ತಿದ್ದರು.

ಆ ಕೈ ಡಾಕ್ಟರನದಲ್ಲ, ಅವನ ಹೆಂಡತಿಯದು ಎಂಬುದು ಅವರ ಹಿತ್ತಲಿನ ಒಗೆಯುವ ಕಲ್ಲಿಗೆ ಮಾತ್ರ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅವನಿಗೆ ಹತ್ತಿರದ್ದು ಮಂಜಾಗತೊಡಗಿತು. ಕನ್ನಡಕ ಹಾಕಿದರೆ ಗಿರಾಕಿ ನಂಬುವುದಿಲ್ಲ ಎಂದು ಹಟ. ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಪುಟ್ಟ ಹಿತ್ತಾಳೆಯ ಜೆಟ್ಟನ್ನು ಉಕ್ಕಿನ ತಂತಿ ಹಾಕಿ ಕೆರೆದ. ಅದರ ತೂತು ಕೂದಲೆಳೆಯಷ್ಟು ಅಗಲವಾದರೂ ಸಾಕು, ಎಂಜಿನ್ ಹೊಟ್ಟೆಬಾಕನಾಗುತ್ತದೆ, ಕಪ್ಪು ಹೊಗೆ ಕಾರುತ್ತದೆ. ಹಾಗೆ ಮೂರು ಜೆಟ್ಟು ಹಾಳಾದ ಮೇಲೆ ನಾಲ್ಕನೆಯದನ್ನು ಮನೆಗೆ ತಂದು, "ಇದರಲ್ಲಿ ಬೆಳಕು ಕಾಣುತ್ತಾ ನೋಡು" ಎಂದ. ಅವಳು ನೋಡಿದಳು. ಹಳೆಯ ಬ್ರಷ್ಷಿನಿಂದ ಒಂದೇ ಒಂದು ನೈಲಾನ್ ಎಳೆ ಕಿತ್ತು, ಪೆಟ್ರೋಲಿನಲ್ಲಿ ಅದ್ದಿ, ತೂತಿನೊಳಗೆ ಮೆಲ್ಲಗೆ ಆಡಿಸಿ, ಬಾಯಿಟ್ಟು ಊದಿದಳು. ಬೆಳಕು ಕಂಡಿತು. ಅಂದಿನಿಂದ ಅದು ಅವಳ ಕೆಲಸವಾಯಿತು. ಮನೆಯ ಕೆಲಸಗಳ ಗುಣವೇ ಹಾಗೆ. ಒಂದು ಸಲ ಮಾಡಿದರೆ ಮುಗಿಯಿತು, ಸಾಯುವ ತನಕ ನಿಮ್ಮದು.

ಮಧ್ಯಾಹ್ನ ಊಟಕ್ಕೆ ಬಂದವನು ಬಟ್ಟೆಯ ಚೀಲವನ್ನು ಅಡುಗೆಮನೆ ಬಾಗಿಲಿನ ಮೊಳೆಗೆ ತಗುಲಿಸುತ್ತಿದ್ದ. ನಿನ್ನೆಯ ಚೀಲ ತೆಗೆದುಕೊಂಡು ಹೋಗುತ್ತಿದ್ದ. ಅವಳು ಪಾತ್ರೆ ತೊಳೆದು, ಒಲೆ ಆರಿಸಿ, ಹಿತ್ತಲಿನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸುವುದು, ಪೆಟ್ರೋಲಿನ ಮೇಲೆ ತೇಲುವ ಟೊಳ್ಳು ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಪೆಟ್ರೋಲ್ ಸೇರಿದೆಯಾ ಎಂದು ಕೇಳುವುದು, ಪೆಟ್ರೋಲಿನ ದಾರಿ ಮುಚ್ಚಿ ತೆರೆಯುವ ಸೂಜಿಯ ತುದಿ ಸವೆದಿದೆಯಾ ಎಂದು ಉಗುರಿನಿಂದ ನೋಡುವುದು. ಬೆರಳಿನ ಚರ್ಮ ಸುಲಿಯುತ್ತಿತ್ತು. "ಅನ್ನಕ್ಕೂ ಪೆಟ್ರೋಲ್ ವಾಸನೆ ಕಣಮ್ಮ ನಿನ್ನ ಕೈದು" ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಂಗಡಿಯ ಮೇಜಿನ ಪಕ್ಕ, ದೀಪದ ಕೆಳಗೆ ಒಂದು ಸ್ಟೂಲು.

"ಅಲ್ಲಿ ಗಾಳಿ ಹೊಡೆಯೋ ಪಂಪಿದೆ. ಬಾಯಲ್ಲಿ ಊದೋದು ತಪ್ಪುತ್ತೆ. ಗಾಡಿ ಸದ್ದು ಕೇಳಿದ್ರೆ ಅರ್ಧ ರೋಗ ಅಲ್ಲೇ ತಿಳಿಯುತ್ತೆ ರೀ" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ನೀನು ಅಲ್ಲಿ ಹೋಗಿ ಕೂತ್ರೆ ಇಲ್ಲಿ ಒಲೆ ಮುಂದೆ ಯಾರು, ನಾನಾ?" ಎಂದರು ಅತ್ತೆ.

ಗಂಡ ನಕ್ಕ. "ತೊಳೆಯೋದು ಬೇರೆ, ರಿಪೇರಿ ಬೇರೆ ಕಣೇ. ನಾಲ್ಕು ಜನರ ಎದುರಿಗೆ ಒಂದು ಗಾಡಿ ಸರಿಮಾಡಿ ತೋರಿಸು, ಮಾರನೆ ದಿನವೇ ಸ್ಟೂಲ್ ಹಾಕಿಸ್ತೀನಿ."

ತಮಾಷೆಗೆ ಅಂದದ್ದು. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆ ತಿಂಗಳು ಡ್ರಾಯಿಂಗ್ ಮೇಷ್ಟ್ರ ಗಾಡಿಯ ಕಾರ್ಬ್ಯುರೇಟರ್ ಮೂರು ಸಲ ಚೀಲದಲ್ಲಿ ಬಂತು. ಅವರಪ್ಪನ ಕಾಲದ ಗಾಡಿ. ಎರಡು ಮೂರು ಕಿಲೋಮೀಟರ್ ಚೆನ್ನಾಗಿ ಓಡಿ, ಕೆಮ್ಮಿ, ನಿಂತುಬಿಡುತ್ತಿತ್ತಂತೆ. ಹತ್ತು ನಿಮಿಷ ಬಿಟ್ಟು ಒದ್ದರೆ ಮತ್ತೆ ಹೊರಡುತ್ತಿತ್ತಂತೆ. ಮೂರನೆಯ ಸಲ ಅವಳು ಬಿಚ್ಚಿದಾಗ ಒಳಗೆ ಕಣ್ಣಿಗೆ ಹಚ್ಚಲೂ ಕಸವಿರಲಿಲ್ಲ.

"ರೋಗ ಇದರಲ್ಲಿಲ್ಲ. ಟ್ಯಾಂಕಿಂದ ಪೆಟ್ರೋಲ್ ಸರಿಯಾಗಿ ಇಳೀತಿದೆಯಾ ನೋಡಿ" ಎಂದಳು.

"ಹೇಳಿದಷ್ಟು ಮಾಡು. ಡಾಕ್ಟರ್ ನಾನೋ ನೀನೋ?"

ನಾಲ್ಕು ದಿನಕ್ಕೆ, ಸಂಜೆ, ಆ ಗಾಡಿ ಸರಿಯಾಗಿ ಅವರ ಮನೆಯ ಮುಂದೆಯೇ ಕೆಮ್ಮಿ ನಿಂತಿತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ, ಬಾಗಿಲಲ್ಲಿ ನಿಂತಿದ್ದ ಅವಳನ್ನು ನೋಡಿ, "ಏನಮ್ಮ, ಸ್ವಲ್ಪ ನೆಟ್ಟಗೆ ತೊಳೀಬಾರ್ದಾ? ಮನೇಲಿ ತೊಳೆಯೋಕೆ ಕೊಟ್ಟಿದ್ದೆ, ಅಲ್ಲೇ ಕೆಡಿಸಿದ್ದಾರೆ ಅಂದ್ರು ಡಾಕ್ಟ್ರು" ಎಂದರು.

ಹನ್ನೊಂದು ವರ್ಷದಲ್ಲಿ ಅವಳ ಕೆಲಸದ ಸುದ್ದಿ ಅಂಗಡಿಯಲ್ಲಿ ಎದ್ದದ್ದು ಅದೇ ಮೊದಲು. ಸರಿಹೋದ ನೂರಾರು ಗಾಡಿಗಳು ಅವನವು, ಕೆಟ್ಟ ಒಂದು ಅವಳದು.

ಅವಳು ಮೆಟ್ಟಿಲಿಳಿದು ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದಳು. ತಿರುಗಿಸುತ್ತಲೇ ಬಹಳ ಹೊತ್ತು ಉಸಿರು ಹಿಡಿದಿದ್ದ ಮನುಷ್ಯನ ಹಾಗೆ ಟ್ಯಾಂಕು 'ಉಸ್' ಎಂದಿತು.

"ಈಗ ಒದೀರಿ."

ಎರಡನೆಯ ಒದೆತಕ್ಕೇ ಗಾಡಿ ಹೊರಟಿತು. ಎದುರಿನ ಟೈಲರ್ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಹಾಲಿನ ಬೂತಿನವನೂ ಪಕ್ಕದ ಮನೆಯ ನರ್ಸಮ್ಮನೂ ಬಂದರು. ಅಂಗಡಿಯಿಂದ ಗಂಡ ಓಡಿಬಂದ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಇಳಿಯುತ್ತಾ ಮೇಷ್ಟ್ರೇ?" ಎಂದಳು ಅವಳು. "ಗಾಳಿ ಹೋಗೋಕೆ ಇನ್ನೊಂದು ಬೇಕು. ಈ ಮುಚ್ಚಳದಲ್ಲಿ ಆ ತೂತಿದೆ. ಒಳಗಿಂದ ಯಾವುದೋ ರಬ್ಬರ್ ಅದನ್ನ ಮುಚ್ಚಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾಯ್ತು, ಅದೂ ಮೂರು ಸಲ."

ಟೈಲರ್ ಗೊಳ್ಳೆಂದು ನಕ್ಕ. "ಡಾಕ್ಟ್ರೇ, ನಿಮ್ಮ ಕಾಂಪೌಂಡರ್ ನಿಮಗಿಂತ ಜೋರು!"

ಮೊದಲೆಲ್ಲ ಮುಚ್ಚಳದ ಸಂದಿಯಿಂದ ಪೆಟ್ರೋಲ್ ಜಿನುಗಿ ಮೇಷ್ಟ್ರ ಪ್ಯಾಂಟು ನೆನೆಯುತ್ತಿತ್ತು. ಅದಕ್ಕಾಗಿ ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿ ಕೂರಿಸಿದ ರಬ್ಬರು ಅದು. ಅಂಚು ಒಂದು ಕಡೆ ಹಲ್ಲು ಹಲ್ಲಾಗಿತ್ತು. ಅವಳಿಗೆ ಆ ಹಲ್ಲಿನ ಗುರುತು ಹತ್ತಿತು. ತನ್ನ ಅಡುಗೆಮನೆಯ ಕತ್ತರಿಯೇ. ಅದನ್ನು ಮೊಂಡು ಮಾಡಿದ್ದು ಯಾರೆಂದು ಅವಳು ಹದಿನೈದು ದಿನದಿಂದ ಹುಡುಕುತ್ತಿದ್ದಳು.

ಗಂಡ ಅವಳ ಮುಖ ನೋಡಿದ. ನೆಲ ನೋಡಿದ. "ಯಾರೋ ತಿಳೀದೆ ಹಾಕಿರ್ಬೇಕು" ಎಂದ.

ಅವನನ್ನು ಬಯಲಿಗೆಳೆಯಲು ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇವನ ಮಾನ ಉಳಿಸಿದರೆ ಇವನು ತನ್ನ ಮಾತು ಉಳಿಸುತ್ತಾನೆ, ನಾಲ್ಕು ಜನ ಇಲ್ಲೇ ಇದ್ದಾರಲ್ಲ ಎಂದುಕೊಂಡಳು. ಒಳಗಿಂದ ಚೀಲ ಹೊಲಿಯುವ ದಬ್ಬಳ ತಂದು ರಬ್ಬರಿಗೆ ಸರಿಯಾದ ಜಾಗದಲ್ಲಿ ಚುಚ್ಚಿದಳು. "ಹೌದು, ಯಾರೋ" ಎಂದಳು.

ಮೇಷ್ಟ್ರು ಓಣಿಯನ್ನು ಮೂರು ಸುತ್ತು ಹಾಕಿ ಬಂದು ಅವನ ಬೆನ್ನು ತಟ್ಟಿದರು. "ಹೆಂಡ್ತಿಗೂ ಎಷ್ಟು ಚೆನ್ನಾಗಿ ಕಲಿಸಿದ್ದೀರಲ್ಲ! ನಲವತ್ತು ವರ್ಷ ಪಾಠ ಮಾಡಿದ್ರೂ ನನಗೆ ಇಂಥ ವಿದ್ಯಾರ್ಥಿ ಸಿಗ್ಲಿಲ್ಲ."

"ಏನೋ, ಬಿಡುವಿದ್ದಾಗ ಒಂದೆರಡು ಹೇಳ್ಕೊಡ್ತೀನಿ ಸಾರ್" ಎಂದು ಗಂಡ ಕೈಮುಗಿದ.

ಮಾರನೆಯ ಬೆಳಿಗ್ಗೆ ಅವಳು ಬೇಗ ಅಡುಗೆ ಮುಗಿಸಿದಳು. ಒಗೆದ ಬಟ್ಟೆ ಉಟ್ಟು, ಬ್ರಷ್ಷು, ತಟ್ಟೆ, ಒರೆಸುವ ಬಟ್ಟೆಗಳನ್ನು ಡಬ್ಬಿಗೆ ತುಂಬಿಕೊಂಡು ಕಾದಳು. ಹನ್ನೆರಡೂವರೆಗೆ ಗಂಡ ಬಂದ. ಅವನ ತೋಳಿನಲ್ಲಿ ನಿಜವಾಗಿಯೂ ಒಂದು ಸ್ಟೂಲಿತ್ತು. ಹೊಸ ಮರದ್ದು. ಅಂಚುಗಳನ್ನು ಉಜ್ಜಿ ನುಣುಪು ಮಾಡಿಸಿದ್ದ. ಅದನ್ನು ಅಡುಗೆಮನೆ ದಾಟಿಸಿ ಹಿತ್ತಲಿಗೆ ಒಯ್ದು ಒಗೆಯುವ ಕಲ್ಲಿನ ಮುಂದೆ ಇಟ್ಟ.

"ಬಡಗಿಗೆ ಕಲ್ಲಿನ ಎತ್ತರ ಅಳೆದು ಕೊಟ್ಟಿದ್ದೆ. ಇನ್ಮೇಲೆ ಕೂತು ಮಾಡು, ಸೊಂಟ ಹಿಡಿಯಲ್ಲ. ಹೇಳಿದ್ನೋ ಇಲ್ವೋ, ಹಾಕಿಸ್ತೀನಿ ಅಂತ?"

"ಅಂಗಡಿಲಿ ಅಂದಿದ್ರಿ."

"ಅಂಗಡಿಲಾದ್ರೇನು, ಇಲ್ಲಾದ್ರೇನು? ಕೆಲಸ ಒಂದೇ ತಾನೇ?"

ಅತ್ತೆ ಸ್ಟೂಲನ್ನು ಸವರಿ ನೋಡಿದರು. "ಹೆಂಡ್ತಿ ಸೊಂಟದ ಚಿಂತೆ ಮಾಡೋ ಗಂಡಸರು ಎಷ್ಟು ಜನ ಸಿಗ್ತಾರೆ ಹೇಳು. ಪುಣ್ಯ ಮಾಡಿದ್ದೆ ನೀನು."

ಊಟ ಮಾಡಿ ಅವನು ಹೋದ. ಬಾಗಿಲಿನ ಮೊಳೆಗೆ ಚೀಲ ತೂಗುತ್ತಿತ್ತು. ನಿನ್ನೆಯ ಸುದ್ದಿ ಓಣಿ ದಾಟಿ ಹೋಗಿತ್ತು; ಡಾಕ್ಟರನ ಹೆಸರು ಇನ್ನಷ್ಟು ಬೆಳೆದಿತ್ತು. ದಿನಾ ಎರಡಿರುತ್ತಿದ್ದ ಕಾರ್ಬ್ಯುರೇಟರ್ ಅಂದು ನಾಲ್ಕಿದ್ದವು.

ಅವಳು ಪಾತ್ರೆ ತೊಳೆದಳು. ಒಲೆ ಆರಿಸಿದಳು. ಡಬ್ಬಿಗೆ ತುಂಬಿದ್ದನ್ನೆಲ್ಲ ಒಂದೊಂದಾಗಿ ಕಲ್ಲಿನ ಮೇಲೆ ತೆಗೆದಿಟ್ಟು, ಸ್ಟೂಲಿನ ಮೇಲೆ ಕೂತಳು. ಎತ್ತರ ಹೇಳಿ ಮಾಡಿಸಿದಂತಿತ್ತು. ಮೊಣಕಾಲು ನೋಯಲಿಲ್ಲ, ಸೊಂಟವೂ ಹಿಡಿಯಲಿಲ್ಲ. ದೂರಲು ಏನೂ ಉಳಿಯದಂತೆ ಮಾಡಿದ್ದ. ಅವಳು ಮೊದಲನೆಯ ಜೆಟ್ಟನ್ನು ತುಟಿಗಿಟ್ಟು ಊದಿದಳು.